ಕೊಡಗಿನಲ್ಲಿ ಮನೆ ಮಾಡುವ ಮುಂಚೆ ನೆಲದ ಹೆಸರು ಕೇಳಿ

ಮನೆ ಕಟ್ಟಿ ಮುಗಿದಿದೆ. ಗೃಹಪ್ರವೇಶಕ್ಕೆ ದಿನವೂ ನೋಡಿ ಆಗಿದೆ. ಆದರೆ ಕರೆಂಟ್ ಮೀಟರ್ ಬರುತ್ತಿಲ್ಲ. ವಿದ್ಯುತ್ ಕಂಪನಿ ಸೆಸ್ಕ್‌ನ ಕಚೇರಿಗೆ ಹೋದರೆ 'ಓಸಿ (ಸ್ವಾಧೀನ ಪ್ರಮಾಣಪತ್ರ) ತನ್ನಿ' ಅನ್ನುತ್ತಾರೆ. ಇನ್ನೊಂದು ಕಡೆ ಸೈಟ್ ಮಾತಾಗಿ ಮುಂಗಡ ಕೊಟ್ಟಾಗಿದೆ, ಇ-ಖಾತಾ (ಆಸ್ತಿಯ ಡಿಜಿಟಲ್ ದಾಖಲೆ) ಇಲ್ಲ ಅಂತ ನೋಂದಣಿ ನಿಂತಿದೆ. ಮತ್ತೊಬ್ಬರ ಕೈಗೆ ಅನಧಿಕೃತ ಆಸ್ತಿಗೆ ಕೊಡುವ ಬಿ-ಖಾತಾ ಬಂದಿದೆ, ಎಲ್ಲ ಸಕ್ರಮ ಆಯಿತು ಅಂತ ಅವರು ನೆಮ್ಮದಿಯಿಂದ ಇದ್ದಾರೆ. 2024ರ ಕೊನೆಯಿಂದ ಇಂಥ ಸುದ್ದಿಗಳು ಒಂದರ ಹಿಂದೆ ಒಂದು ಬರುತ್ತಿವೆ. ಬೆಂಗಳೂರು, ಮೈಸೂರಿನಿಂದ ಮಡಿಕೇರಿಗೋ ಕುಶಾಲನಗರಕ್ಕೋ ವಿರಾಜಪೇಟೆಗೋ ಬಂದು ನೆಲೆಸಬೇಕು ಅನ್ನುವವರಿಗೆ ಇದರಲ್ಲಿ ಯಾವುದು ತಮಗೆ ಅನ್ವಯಿಸುತ್ತದೆ ಅನ್ನುವುದೇ ತಿಳಿಯುತ್ತಿಲ್ಲ.

ಗೊಂದಲಕ್ಕೆ ಕಾರಣ ಇದೆ. ಕೊಡಗಿನಲ್ಲಿ ಇಡೀ ಜಿಲ್ಲೆಗೆ ಒಂದೇ ನಿಯಮ ಅಂತ ಇಲ್ಲ. ನೀವು ನಿಂತಿರುವ ನೆಲಕ್ಕೆ ದಾಖಲೆಯಲ್ಲಿ ಏನು ಹೆಸರಿದೆ, ಆ ನೆಲ ಯಾರ ವ್ಯಾಪ್ತಿಗೆ ಬರುತ್ತದೆ ಅನ್ನುವುದರ ಮೇಲೆ ನಿಯಮ ಬದಲಾಗುತ್ತದೆ. ಈ ಎರಡು ವಿಷಯ ಗೊತ್ತಾದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಓಸಿ ಗಲಾಟೆ ಎಲ್ಲಿಂದ ಬಂತು

2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಪ್ರಕರಣ ಉತ್ತರ ಪ್ರದೇಶದ್ದು. ಆದರೆ ಅದರಲ್ಲಿನ ಸೂಚನೆಗಳು ಇಡೀ ದೇಶಕ್ಕೆ. ಕಟ್ಟಡ ಮುಗಿದ ಮೇಲೆ, ಅದು ಮಂಜೂರಾದ ನಕ್ಷೆಯಂತೆಯೇ ಇದೆ ಅಂತ ಸ್ಥಳೀಯ ಸಂಸ್ಥೆ ಪ್ರಮಾಣಪತ್ರ ಕೊಡಬೇಕು. ಅದನ್ನು ನೋಡಿದ ಮೇಲೆಯೇ ಕರೆಂಟ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು. ಬ್ಯಾಂಕ್‌ಗಳೂ ಸಾಲ ಕೊಡುವ ಮುಂಚೆ ಅದನ್ನು ನೋಡಬೇಕು. ಜನರ ಬಾಯಲ್ಲಿ ಓಸಿ ಅನ್ನುವುದು ಇದನ್ನೇ.

ಇದರಿಂದ 2025ರಲ್ಲಿ ರಾಜ್ಯದ ಎಲ್ಲ ವಿದ್ಯುತ್ ಕಂಪನಿಗಳು ಬಿಗಿಯಾದವು. ಕೊಡಗಿಗೆ ಕರೆಂಟ್ ಕೊಡುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವೂ ಬಿಗಿಯಾಯಿತು. ನಕ್ಷೆ ಮಂಜೂರು ಮಾಡಿಸದೆ ಕಟ್ಟಿದವರು, ಮಂಜೂರಾದ ನಕ್ಷೆ ಮೀರಿ ಒಂದು ಮಹಡಿ ಜಾಸ್ತಿ ಎಬ್ಬಿಸಿದವರು ಸಿಕ್ಕಿಬಿದ್ದರು. ಕಟ್ಟುವಾಗ ತೆಗೆದುಕೊಂಡ ತಾತ್ಕಾಲಿಕ ಸಂಪರ್ಕದಲ್ಲೇ ದಿನ ದೂಡಬೇಕಾಯಿತು. ಅದರ ದರ ಮನೆ ಬಳಕೆ ದರಕ್ಕಿಂತ ಜಾಸ್ತಿ.

ಜನರ ಕೂಗು ಎದ್ದ ಮೇಲೆ ಸಣ್ಣ ಮನೆಗಳಿಗೆ ಸರ್ಕಾರ ವಿನಾಯಿತಿ ತಂದಿತು. 1,200 ಚದರ ಅಡಿವರೆಗಿನ ಸೈಟಿನಲ್ಲಿ ನೆಲಮಹಡಿ ಮತ್ತು ಅದರ ಮೇಲೆ ಎರಡು ಮಹಡಿ ಇದ್ದರೆ ಓಸಿ ಬೇಡ ಅನ್ನುವುದು ಅದರ ತಿರುಳು. ಜೋರಾಗಿ ಸುದ್ದಿಯಾದದ್ದು ಬೆಂಗಳೂರಿನ ಆದೇಶ. ಅದನ್ನು ಓದಿ ಮಡಿಕೇರಿಯಲ್ಲಿ ಪಾಯ ತೆಗೆಯಬೇಡಿ. ಮಂಜೂರಾದ ನಕ್ಷೆ ಇರಬೇಕು ಅನ್ನುವುದು ವಿನಾಯಿತಿ ಇದ್ದರೂ ಹೋಗುವುದಿಲ್ಲ. ನಿಮ್ಮ ಊರಿನ ನಗರಸಭೆ, ಪುರಸಭೆ ಅಥವಾ ಪಂಚಾಯ್ತಿಯಲ್ಲಿ ಯಾವ ಆದೇಶದ ಮೇಲೆ ಕೆಲಸ ನಡೆಯುತ್ತಿದೆ ಅಂತ ಕೇಳಿ ತಿಳಿದುಕೊಳ್ಳಿ. ಸಾಧ್ಯವಾದರೆ ಆ ಆದೇಶದ ಪ್ರತಿಯನ್ನೂ ಪಡೆಯಿರಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಬರೀ ಚದರ ಅಡಿ ನೋಡಿ ವಿನಾಯಿತಿ ಕೊಡುವುದು ಬಯಲು ಸೀಮೆಯ ಲೆಕ್ಕ. ಕುಶಾಲನಗರದ ಸಮತಟ್ಟು ನೆಲದಲ್ಲಿರುವ ದೊಡ್ಡ ಮನೆಗಿಂತ ಮಡಿಕೇರಿಯ ಇಳಿಜಾರಿನಲ್ಲಿ ಬರೆ (ಗುಡ್ಡದ ಕಡಿದಾದ ಮಣ್ಣಿನ ಪಕ್ಕ) ಕಡಿದು ಎಬ್ಬಿಸಿದ ಮೂರು ಅಂತಸ್ತಿನ ಸಣ್ಣ ಮನೆ ಹೆಚ್ಚು ಅಪಾಯಕಾರಿ. ಅದು ಬಿದ್ದರೆ ಕೆಳಗಿನ ಮನೆಯನ್ನೂ ಕರೆದುಕೊಂಡು ಹೋಗುತ್ತದೆ. ಗುಡ್ಡದ ಊರಿನಲ್ಲಿ ಯಾರಾದರೂ ಎಂಜಿನಿಯರ್ ಬಂದು ನೋಡಿ ಸಹಿ ಹಾಕುವ ಹಂತ ಒಂದು ಇರಲೇಬೇಕು.

ಗಡಿ ಗೆರೆಯ ಯಾವ ಕಡೆ ಇದ್ದೀರಿ?

ಮಡಿಕೇರಿಗೆ ನಗರಸಭೆ. ವಿರಾಜಪೇಟೆಗೆ, ಕುಶಾಲನಗರಕ್ಕೆ ಪುರಸಭೆ. ಸೋಮವಾರಪೇಟೆಗೆ ಪಟ್ಟಣ ಪಂಚಾಯ್ತಿ. ಊರು ದಾಟಿ ಒಂದು ಕಿಲೋಮೀಟರ್ ಹೋದರೆ ಗ್ರಾಮ ಪಂಚಾಯ್ತಿ ಶುರು. ವಿಳಾಸದಲ್ಲಿ ಮಡಿಕೇರಿ ಅಂತ ಇದ್ದ ಮಾತ್ರಕ್ಕೆ ನಿಮ್ಮ ಮನೆ ನಗರಸಭೆಗೆ ಸೇರಿರಬೇಕು ಅಂತೇನಿಲ್ಲ.

ಈ ಗೆರೆ ಕೆಲವೊಮ್ಮೆ ಜಾಗ ಬದಲಿಸುತ್ತದೆ. ಕುಶಾಲನಗರ ಪುರಸಭೆ ಆದಾಗ ಪಕ್ಕದ ಮುಳ್ಳುಸೋಗೆ ಗ್ರಾಮ ಪಂಚಾಯ್ತಿಯೂ ಅದಕ್ಕೆ ಸೇರಿತು. ಅಲ್ಲಿ ಹಳೆಯ ಕಾಗದಗಳು ಪಂಚಾಯ್ತಿ ಹೆಸರಲ್ಲಿ, ಇವತ್ತಿನ ತೆರಿಗೆ ಪುರಸಭೆಗೆ. ಇಂಥ ಕಡೆ ಕೊಳ್ಳುವವರು ಹಳೆಯ ಪಂಚಾಯ್ತಿ ದಾಖಲೆ ಪುರಸಭೆಯ ಪುಸ್ತಕಕ್ಕೆ ಸರಿಯಾಗಿ ಏರಿದೆಯಾ ಅಂತ ಮೊದಲು ನೋಡಬೇಕು.

ಗೆರೆಯ ಎರಡು ಕಡೆ ಕಾಗದದ ಹೆಸರೂ ಬೇರೆ. ಪಟ್ಟಣದಲ್ಲಿ ಇ-ಖಾತಾ. 2024ರ ಅಕ್ಟೋಬರ್‌ನಿಂದ ಇದು ಇಲ್ಲದೆ ಆಸ್ತಿ ನೋಂದಣಿ ಆಗುವುದಿಲ್ಲ. ಗ್ರಾಮ ಪಂಚಾಯ್ತಿಯಲ್ಲಿ ಇ-ಸ್ವತ್ತು. ಅದರಲ್ಲಿ ನಮೂನೆ 9 ಮತ್ತು 11ಎ ಇದ್ದರೆ ಆಸ್ತಿ ಕ್ರಮಬದ್ಧ. 11ಬಿ ಅಂದರೆ ಪಂಚಾಯ್ತಿ ಅದನ್ನು ಪುಸ್ತಕದಲ್ಲಿ ಬರೆದುಕೊಂಡಿದೆ, ತೆರಿಗೆ ತೆಗೆದುಕೊಳ್ಳುತ್ತದೆ, ಅಷ್ಟೇ.

ಬಿ-ಖಾತಾ ಕೂಡ ಹೀಗೆಯೇ. 2025ರ ಫೆಬ್ರವರಿಯಲ್ಲಿ ಸರ್ಕಾರ ಮೂರು ತಿಂಗಳ ಅಭಿಯಾನ ಮಾಡಿ ಪಟ್ಟಣಗಳ ಅನಧಿಕೃತ ಆಸ್ತಿಗಳಿಗೆ ಬಿ-ಖಾತಾ ಕೊಡಿ ಅಂದಿತು. ಲೆಕ್ಕಕ್ಕೆ ಸಿಗದ ಆಸ್ತಿಗಳಿಂದ ತೆರಿಗೆ ಬರಲಿ ಅನ್ನುವುದು ಒಂದು ಕಾರಣ. ಬಡಾವಣೆ ಮಾಡಿದವರು ಮಾಡಿದ ತಪ್ಪಿಗೆ ಸೈಟ್ ಕೊಂಡ ಮಧ್ಯಮ ವರ್ಗದವರು ನರಳಬಾರದು ಅನ್ನುವುದು ಇನ್ನೊಂದು. ಎರಡೂ ನ್ಯಾಯದ ಮಾತೇ. ಆದರೆ ತೆರಿಗೆ ಕಟ್ಟಿದ ರಸೀದಿಯಿಂದ ಬಡಾವಣೆಗೆ ಮಂಜೂರಾತಿ ಬಂದಂತೆ ಆಗುವುದಿಲ್ಲ. ಭೂ ಪರಿವರ್ತನೆ (ಕೃಷಿ ಭೂಮಿಯನ್ನು ಬೇರೆ ಬಳಕೆಗೆ ಬದಲಿಸುವ ಅನುಮತಿ) ಆಗಿರದ ಸೈಟ್ ಬಿ-ಖಾತಾ ಬಂದ ಮೇಲೂ ಪರಿವರ್ತನೆ ಆಗಿರದ ಸೈಟೇ. ಮಾರುವವರು 'ಖಾತಾ ಇದೆ' ಅಂದಾಗ 'ಎ ಖಾತಾನಾ, ಬಿ ಖಾತಾನಾ?' ಅಂತ ಕೇಳುವುದರಲ್ಲಿ ಸಂಕೋಚ ಬೇಡ.

ಜಮ್ಮಾ, ಬಾಣೆ, ಪೈಸಾರಿ

ಹೊರಗಿನಿಂದ ಬಂದವರು ಜಾಸ್ತಿ ಎಡವುವುದು ಇಲ್ಲಿ. 1956ರ ನವೆಂಬರ್ 1ರವರೆಗೆ ಕೊಡಗು ತನ್ನದೇ ರಾಜ್ಯ. ಭೂ ಕಂದಾಯಕ್ಕೂ 1899ರ ತನ್ನದೇ ಕಟ್ಟಳೆ ಇತ್ತು. ಮೈಸೂರು ಸೀಮೆಯಲ್ಲಿ ಕೇಳಿರದ ಹೆಸರುಗಳು ಇಲ್ಲಿನ ಪಹಣಿಯಲ್ಲಿ ಇವತ್ತಿಗೂ ಕಾಣುತ್ತವೆ.

ಜಮ್ಮಾ ಅಂದರೆ ವಂಶಪಾರಂಪರ್ಯವಾಗಿ ಬಂದ ಹಿಡುವಳಿ. ಅದು ಒಬ್ಬನಿಗೆ ಅಂತಲ್ಲ, ಒಕ್ಕಕ್ಕೆ, ಅಂದರೆ ಒಂದೇ ಮೂಲದ ಇಡೀ ಮನೆತನಕ್ಕೆ ಸೇರಿದ್ದು. ದಾಖಲೆಯಲ್ಲಿ ಪಟ್ಟೆದಾರರ ಹೆಸರು ಇರುತ್ತದೆ. ಆ ಪಟ್ಟೆದಾರರು ತೀರಿಕೊಂಡು ಎಷ್ಟೋ ಕಾಲ ಆಗಿರಬಹುದು. ಅವರ ಹಿಂದೆ ಹತ್ತಾರು ಪಾಲುದಾರರು ಇರುತ್ತಾರೆ. ಒಬ್ಬರು ತೋಟದಲ್ಲಿ, ಒಬ್ಬರು ಬೆಂಗಳೂರಲ್ಲಿ, ಇನ್ನೊಬ್ಬರು ಸೈನ್ಯದಲ್ಲಿ.

ಬಾಣೆ ಅಂದರೆ ಗದ್ದೆಗೆ ಅಂಟಿಕೊಂಡು ಕೊಟ್ಟ ಏರು ನೆಲ. ದನ ಮೇಯಿಸಲು, ಗೊಬ್ಬರದ ಸೊಪ್ಪಿಗೆ, ಸೌದೆಗೆ. ಆಮೇಲೆ ಅದರಲ್ಲೇ ಕಾಫಿ ಬಂತು. ಹಾಗಾದರೆ ಬಾಣೆ ಯಾರದ್ದು? ಬಳಸುವ ಹಕ್ಕು ಮಾತ್ರ ಮನೆಯವರದ್ದು, ನೆಲ ಸರ್ಕಾರದ್ದು ಅನ್ನುವುದು ಬಹುಕಾಲ ಸರ್ಕಾರದ ವಾದ. ಬೆವರು ಸುರಿಸಿ ತೋಟ ಮಾಡಿದವರ ವಾದ ಇದಕ್ಕೆ ವಿರುದ್ಧ. 1993ರಲ್ಲಿ ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ ಜಮ್ಮಾ ಬಾಣೆ ಹಿಡುವಳಿದಾರರ ಪರವಾಗಿ, ಅವರೇ ಮಾಲೀಕರು ಅಂತ ಹೇಳಿತು. ಅದಾದ ಮೇಲೂ ದಾಖಲೆ ತಿದ್ದುವ ಕೆಲಸ ಆಮೆ ನಡಿಗೆಯಲ್ಲೇ ಸಾಗಿತು. ಹಕ್ಕು ತೀರ್ಮಾನವಾಗಿದ್ದರೂ ಪಹಣಿಯಲ್ಲಿ ಅದು ಕಾಣದೆ ಇರಬಹುದು. ಬ್ಯಾಂಕಿನವರು, ನೋಂದಣಿ ಕಚೇರಿಯವರು ನೋಡುವುದು ಪಹಣಿಯನ್ನು.

ಇದರ ಪರಿಣಾಮ ಕೊಳ್ಳುವವರ ಮೇಲೆ ನೇರ. ಒಬ್ಬ ಪಾಲುದಾರ ಸಹಿ ಹಾಕಿ ಹಣ ಪಡೆದು ಹೋದರೆ, ಐದು ವರ್ಷ ಕಳೆದು ಇನ್ನೊಬ್ಬ ಪಾಲುದಾರ ಬಂದು 'ನನ್ನನ್ನು ಕೇಳಿರಲಿಲ್ಲ' ಅನ್ನಬಹುದು. ಆ ಮಾತಿಗೆ ಕೋರ್ಟಿನಲ್ಲಿ ಬೆಲೆ ಇದೆ. ಆದ್ದರಿಂದ ವಂಶವೃಕ್ಷ ಕೇಳಿ, ಪಾಲಾದ ಕಾಗದ ಕೇಳಿ, ಎಲ್ಲರ ಒಪ್ಪಿಗೆ ಬರಹದಲ್ಲಿ ಕೇಳಿ. ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಬಿಡಬೇಡಿ. ಒಕ್ಕದ ಹಿರಿಯರಿಗೂ ಈ ಸ್ಪಷ್ಟತೆ ಬೇಕಾಗಿರುತ್ತದೆ.

ಪೈಸಾರಿ ಸರ್ಕಾರದ ಜಾಗ. ಊರುಡುವೆ ಊರಿನವರ ಸಾಮೂಹಿಕ ಜಾಗ. ದೇವರಕಾಡು ದೇವರಿಗೆ ಬಿಟ್ಟ ಕಾಡು. ಇಂಥ ದೇವರಕಾಡುಗಳು ಕೊಡಗಿನಲ್ಲಿ ಸಾವಿರಕ್ಕೂ ಮೇಲೆ ಇವೆ. ಈ ಮೂರರಲ್ಲಿ ಯಾವುದನ್ನಾದರೂ 'ಅನುಭವದಲ್ಲಿದೆ, ಆಮೇಲೆ ದಾಖಲೆ ಮಾಡಿಕೊಡ್ತೇವೆ' ಅಂತ ಯಾರಾದರೂ ತೋರಿಸಿದರೆ ಅಲ್ಲಿಂದಲೇ ವಾಪಸ್ ಬನ್ನಿ.

ತೋಟ ಕೊಳ್ಳಬಹುದು. ಸೈಟ್ ಮಾಡಬಹುದಾ?

2020ಕ್ಕೆ ಮೊದಲು, ಕಾಫಿಯಂಥ ತೋಟಗಳನ್ನು ಬಿಟ್ಟರೆ, ಕೃಷಿಕರಲ್ಲದವರು ರಾಜ್ಯದಲ್ಲಿ ಕೃಷಿ ಭೂಮಿ ಕೊಳ್ಳುವಂತಿರಲಿಲ್ಲ. ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ತಡೆಯುತ್ತಿದ್ದವು. ಆ ವರ್ಷದ ತಿದ್ದುಪಡಿಯಲ್ಲಿ ಅವು ಹೋದವು. ಈಗ ಯಾರು ಬೇಕಾದರೂ ಜಮೀನು ಕೊಳ್ಳಬಹುದು ಅನ್ನುವ ಮಾತು ಅಲ್ಲಿಂದ ಬಂತು. ಆದರೆ ಕೊಳ್ಳುವುದು ಬೇರೆ, ಅದರಲ್ಲಿ ಬಡಾವಣೆ ಮಾಡುವುದು ಬೇರೆ. ಕೃಷಿ ಭೂಮಿಯನ್ನು ಬೇರೆ ಕೆಲಸಕ್ಕೆ ಬಳಸಲು ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಜಿಲ್ಲಾಧಿಕಾರಿಗಳ ಅನುಮತಿ ಬೇಕು. 2020ರ ತಿದ್ದುಪಡಿ ಅದನ್ನು ತೆಗೆದುಹಾಕಿಲ್ಲ. ಅನುಮತಿ ಇಲ್ಲದೆ ಬಳಸಿದರೆ ದಂಡ ಹಾಕಲು 96ನೇ ಕಲಂ ಇದೆ.

ಕೊಡಗಿನಲ್ಲಿ ಇದರ ಬಗ್ಗೆ ಎರಡು ಗಟ್ಟಿ ಅಭಿಪ್ರಾಯಗಳಿವೆ. ಎರಡನ್ನೂ ಕಿವಿಗೊಟ್ಟು ಕೇಳಬೇಕು.

ಒಂದು ಪಕ್ಷದವರು ದೊಡ್ಡ ಪರಿವರ್ತನೆಗಳನ್ನೇ ನಿಲ್ಲಿಸಿ ಅನ್ನುತ್ತಾರೆ. ಕಾವೇರಿ ಹುಟ್ಟುವ ಜಿಲ್ಲೆ ಇದು. ಗದ್ದೆಗೆ ಮಣ್ಣು ತುಂಬಿದರೆ ಮಳೆ ನೀರು ನಿಂತು ಇಂಗುವ ಜಾಗ ಹೋಗುತ್ತದೆ. ನೆರಳಿನ ಮರ ಕಡಿದು ವಿಲ್ಲಾ ಕಟ್ಟಿದರೆ ನೀರು ಹಿಡಿಯುವ ಮಣ್ಣು ಹೋಗುತ್ತದೆ. ರಸ್ತೆ, ನೀರು, ಕಸದ ಹೊರೆಯನ್ನು ಹೊರಬೇಕಾದ್ದು ಸಣ್ಣ ಪಂಚಾಯ್ತಿ.

ಇನ್ನೊಂದು ಪಕ್ಷ ಬೆಳೆಗಾರರದ್ದು. ಆನೆ ಕಾಟ ಜಾಸ್ತಿಯಾಗಿದೆ. ಕೆಲಸಕ್ಕೆ ಜನ ಸಿಗುತ್ತಿಲ್ಲ. ಕಾಫಿ ಬೆಲೆ ಒಂದು ವರ್ಷ ಇದ್ದಂತೆ ಇನ್ನೊಂದು ವರ್ಷ ಇರುವುದಿಲ್ಲ. ಮಕ್ಕಳು ಊರಲ್ಲಿ ಇಲ್ಲ. ಬೇರೆ ಜಿಲ್ಲೆಯ ರೈತ ತನ್ನ ಜಮೀನು ಪರಿವರ್ತಿಸಿ ಮಾರಬಹುದಾದರೆ ನಾವು ಮಾತ್ರ ಯಾಕೆ ಪರಿಸರದ ಹೆಸರಲ್ಲಿ ಕೈಕಟ್ಟಿ ಕೂರಬೇಕು ಅಂತ ಕೇಳುತ್ತಾರೆ.

ಇದರ ಮೇಲೆ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ವಿಷಯ ಬೇರೆ. 2024ರ ಜುಲೈ 31ರಂದು ಕೇಂದ್ರ ಸರ್ಕಾರ ಆರನೇ ಸಲ ಕರಡು ಅಧಿಸೂಚನೆ ಹೊರಡಿಸಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಈ ಕರಡಿಗೆ ಆಧಾರವಾದ ಕಸ್ತೂರಿರಂಗನ್ ಸಮಿತಿಯ ವರದಿಯನ್ನು ಒಪ್ಪುವುದಿಲ್ಲ ಅಂದಿತು. ಒಂದು ಕಡೆ ಕರಡು, ಇನ್ನೊಂದು ಕಡೆ ತಿರಸ್ಕಾರ. ಹಳ್ಳಿಯಲ್ಲಿ ಜಾಗ ಕೊಳ್ಳುವವರು ಆ ಗ್ರಾಮದ ಹೆಸರು ಕರಡಿನ ಪಟ್ಟಿಯಲ್ಲಿದೆಯಾ ಅಂತ ನೋಡಿಟ್ಟುಕೊಳ್ಳುವುದು ಒಳ್ಳೆಯದು. ಮನೆ ಕಟ್ಟುವುದಕ್ಕೂ ದೊಡ್ಡ ಟೌನ್‌ಶಿಪ್ ಕಟ್ಟುವುದಕ್ಕೂ ಅದರಲ್ಲಿ ಒಂದೇ ಅಳತೆ ಇಲ್ಲ. ಆದರೆ ದೊಡ್ಡ ಬಡಾವಣೆಯಲ್ಲಿ ಸೈಟ್ ಕೊಂಡವರ ಪಾಡು ಇಡೀ ಬಡಾವಣೆಯ ಹಣೆಬರಹದ ಜೊತೆಗೇ ಹೋಗುತ್ತದೆ, ಅಲ್ವಾ?

ಬರೆ ಮತ್ತು ಹೊಳೆ

2018ರ ಆಗಸ್ಟ್ ಕೊಡಗನ್ನು ಬದಲಿಸಿತು. ಮಡಿಕೇರಿ ಸುತ್ತಮುತ್ತ, ಜೋಡುಪಾಲ, ಮಕ್ಕಂದೂರು, ಮಾದಾಪುರದ ಕಡೆ ಗುಡ್ಡಗಳು ಜಾರಿದವು. ಮನೆ ಕಳೆದುಕೊಂಡವರಿಗೆ ಕರ್ಣಂಗೇರಿ, ಜಂಬೂರು ಮುಂತಾದ ಕಡೆ ಹೊಸ ಮನೆ ಕಟ್ಟಿಕೊಡಬೇಕಾಯಿತು. 2019ರಲ್ಲಿ ತೋರದಲ್ಲಿ ಬೆಟ್ಟ ಕುಸಿಯಿತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜಾರಿ ಅರ್ಚಕರ ಮನೆಯನ್ನೇ ನುಂಗಿತು. ಮಳೆ ವಿಪರೀತ ಇತ್ತು ನಿಜ. ಆದರೆ ರಸ್ತೆಗೆ, ಮನೆಗೆ, ಹೋಂಸ್ಟೇಗೆ ಅಂತ ಇಳಿಜಾರನ್ನು ಕಡಿದದ್ದೂ ಕಾರಣ ಅಂತ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಹೇಳಿತು.

ಅದು ಹೇಗೆ ಆಗುತ್ತದೆ ಅಂದರೆ, ಇಳಿಜಾರಿನ ಬುಡ ಮೇಲಿನ ಮಣ್ಣಿಗೆ ಊರುಗೋಲು. ಜೆಸಿಬಿ ತಂದು ಸೈಟ್ ಮಟ್ಟ ಮಾಡಿದಾಗ ಆ ಊರುಗೋಲು ಹೋಗುತ್ತದೆ. ಕಡಿದ ಬರೆ ಬೇಸಿಗೆಯಲ್ಲಿ ಗೋಡೆಯಂತೆ ನಿಂತಿರುತ್ತದೆ. ಮಡಿಕೇರಿಯಲ್ಲಿ ವರ್ಷದ ಮಳೆ ಮೂರು ಸಾವಿರ ಮಿಲಿಮೀಟರ್ ದಾಟುತ್ತದೆ. ನೀರು ಇಳಿದಂತೆ ಮಣ್ಣು ಭಾರವಾಗುತ್ತದೆ, ಹಿಡಿತ ಸಡಿಲವಾಗುತ್ತದೆ. ನೀರು ಹರಿಯುತ್ತಿದ್ದ ಕೊಲ್ಲಿಗೆ (ಸಣ್ಣ ತೊರೆಗೆ) ಮಣ್ಣು ತುಂಬಿದ್ದರೆ ಅದು ಬೇರೆ ದಾರಿ ಹುಡುಕುತ್ತದೆ. ಆ ದಾರಿ ನಿಮ್ಮ ಅಡುಗೆಮನೆಯ ಹಿಂದಿನ ಬರೆಯೇ ಆಗಬಹುದು.

ಅದಕ್ಕೇ ಇಲ್ಲಿ ಮಳೆಗಾಲದ ಆದೇಶಗಳು ಬರುತ್ತವೆ. ಮಳೆ ಜೋರಾದಾಗ ಭಾರಿ ಸರಕು ವಾಹನ, ಮರದ ಲಾರಿ, ಮರಳು ಲಾರಿಗಳಿಗೆ ಜಿಲ್ಲಾಧಿಕಾರಿಗಳು ತಡೆ ಹಾಕುತ್ತಾರೆ. ಮನೆ ಕಟ್ಟುವವರು ಇದನ್ನು ಮೊದಲೇ ಲೆಕ್ಕ ಹಾಕಬೇಕು. ಮಣ್ಣಿನ ಕೆಲಸ, ಸಾಮಾನು ತರಿಸುವ ಕೆಲಸ ಮೇ ಒಳಗೆ ಮುಗಿಯದಿದ್ದರೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಮಡಿಕೇರಿ ಪಟ್ಟಣದಲ್ಲಿ ಕಟ್ಟುವವರಿಗೆ ನಗರಸಭೆಯ ಜೊತೆಗೆ ನಗರಾಭಿವೃದ್ಧಿ ಪ್ರಾಧಿಕಾರದ ಮೆಟ್ಟಿಲೂ ಇದೆ.

ಕುಶಾಲನಗರದಲ್ಲಿ ಬರೆಯ ಭಯ ಕಡಿಮೆ, ಹೊಳೆಯ ಭಯ ಇದೆ. ಮಳೆ ಅಲ್ಲಿ ಮಡಿಕೇರಿಯಷ್ಟು ಬೀಳುವುದಿಲ್ಲ. ಆದರೆ ಮೇಲೆ ಬಿದ್ದ ನೀರೆಲ್ಲ ಕಾವೇರಿಯಲ್ಲಿ ಅಲ್ಲಿಗೇ ಬರುತ್ತದೆ. 2018 ಮತ್ತು 2019ರಲ್ಲಿ ಸಾಯಿ ಬಡಾವಣೆ, ಕುವೆಂಪು ಬಡಾವಣೆಗಳಿಗೆ ನೀರು ನುಗ್ಗಿತ್ತು.

ಮರ, ಆನೆ, ಕೋವಿ

ನಿಮ್ಮ ಜಾಗದಲ್ಲಿರುವ ಮರ ನಿಮ್ಮದೇ ಅಂತ ಕೊಡಲಿ ಎತ್ತಬೇಡಿ. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ಸಿಲ್ವರ್ ಓಕ್ ಆ ಕಾಯ್ದೆಯ ವಿನಾಯಿತಿ ಪಟ್ಟಿಯಲ್ಲಿದೆ. ಬೀಟೆ, ತೇಗದ ಕಥೆ ಬೇರೆ. ಇಲ್ಲಿ ಮತ್ತೆ ನೆಲದ ಹೆಸರು ಬರುತ್ತದೆ. ಕೊಡಗಿನಲ್ಲಿ ರಿಡೀಮ್ಡ್, ಅನ್‌ರಿಡೀಮ್ಡ್ ಅಂತ ಜಮೀನಿನ ವಿಂಗಡಣೆ ಇದೆ. ಮರದ ಬೆಲೆ ಸರ್ಕಾರಕ್ಕೆ ಸಂದಾಯವಾಗಿದ್ದರೆ ರಿಡೀಮ್ಡ್. ಇಲ್ಲದಿದ್ದರೆ ನೆಲ ನಿಮ್ಮದಾದರೂ ಮರದಲ್ಲಿ ಸರ್ಕಾರಕ್ಕೆ ಹಕ್ಕು ಉಳಿದಿರುತ್ತದೆ. ತೋಟ ಕೊಳ್ಳುವಾಗ ಮರಗಳ ಬೆಲೆಯನ್ನೂ ಸೇರಿಸಿ ದುಡ್ಡು ಕೊಡುವವರು ಇದನ್ನು ನೋಡಲೇಬೇಕು.

ಆನೆ ಬರುವ ಕಡೆ ಸೋಲಾರ್ ಬೇಲಿ ಹಾಕಬಹುದು. ಕರೆಂಟ್ ಲೈನಿನಿಂದ ನೇರ ತಂತಿ ಎಳೆದು ಬೇಲಿಗೆ ಕೊಡುವುದು ಅಪರಾಧ. ಆನೆಯೂ ಸಾಯುತ್ತದೆ, ಬೆಳಿಗ್ಗೆ ಕೆಲಸಕ್ಕೆ ಬರುವ ಮನುಷ್ಯನೂ ಸಾಯುತ್ತಾನೆ.

ಕೋವಿಯ ವಿಷಯದಲ್ಲೂ ಹೊಸಬರಿಗೆ ತಪ್ಪು ಕಲ್ಪನೆ ಇದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕು ಲೈಸೆನ್ಸ್‌ನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಬೇರೆಯವರಿಗೆ ಎಲ್ಲ ಊರಿನಂತೆ ಲೈಸೆನ್ಸ್ ಬೇಕೇ ಬೇಕು. ಪಕ್ಕದ ಮನೆಯಲ್ಲಿ ಕೋವಿ ಇದೆ ಅಂತ ನೀವೂ ಸುಮ್ನೆ ಒಂದು ಇಟ್ಟುಕೊಳ್ಳುವ ಹಾಗಿಲ್ಲ.

ಕಸ, ಬಾಡಿಗೆ

ಹಸಿ, ಒಣ ಕಸ ಬೇರೆ ಮಾಡಿ ಕೊಡುವುದು 2016ರ ಘನತ್ಯಾಜ್ಯ ನಿಯಮಗಳು ಬಂದಾಗಿನಿಂದ ಮನೆಯವರ ಜವಾಬ್ದಾರಿ. ಕಸ ಸುಡುವಂತಿಲ್ಲ. ಪ್ಲಾಸ್ಟಿಕ್ ಕೈಚೀಲವನ್ನು ರಾಜ್ಯ 2016ರಲ್ಲೇ ನಿಷೇಧಿಸಿದೆ. ಗುಡ್ಡದ ಊರಿನಲ್ಲಿ ಕಸ ಹಾಕಲು ಸಮತಟ್ಟು ಜಾಗ ಸಿಗುವುದಿಲ್ಲ. ಮಡಿಕೇರಿಯ ಸ್ಟೋನ್ ಹಿಲ್‌ನ ಕಸದ ರಾಶಿ ವರ್ಷಗಳಿಂದ ಊರಿನ ತಲೆನೋವು. ಕೊಲ್ಲಿಗೆ ಎಸೆದ ಚೀಲ ಮೊದಲ ಮಳೆಗೆ ಹೊಳೆ ಸೇರುತ್ತದೆ.

ಮನೆಯನ್ನು ತಿಂಗಳ ಬಾಡಿಗೆಗೆ ಕೊಡುವುದು ಒಂದು, ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಕೊಡುವುದು ಇನ್ನೊಂದು. ದಿನದ ಲೆಕ್ಕಕ್ಕೆ ಇಳಿದರೆ ಅದು ಹೋಂಸ್ಟೇ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಬೇಕು, ಮನೆಯವರು ಅಲ್ಲಿ ವಾಸ ಇರಬೇಕು. ವಿದೇಶಿಯರು ಬಂದರೆ 24 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಬೇಕು. ಬೆಂಗಳೂರಿನಲ್ಲೇ ಕೂತು ಬೀಗದ ಕೈಯನ್ನು ಕಾವಲುಗಾರನಿಗೆ ಕೊಟ್ಟು ನಡೆಸುವ ಮನೆಗಳಿಂದ ಅಕ್ಕಪಕ್ಕದವರಿಗೆ ರಾತ್ರಿ ಗಲಾಟೆ, ನಿಯಮದಂತೆ ನಡೆಸುವವರಿಗೆ ಕೆಟ್ಟ ಹೆಸರು.

ಮುಂದೆ ಏನಾಗಬಹುದು

ಓಸಿ, ಇ-ಖಾತಾ, ಪರಿವರ್ತನೆ ಮೂರೂ ಈಗ ಒಂದಕ್ಕೊಂದು ಗಂಟು ಬೀಳುತ್ತಿವೆ. ಪರಿವರ್ತನೆ ಇಲ್ಲದಿದ್ದರೆ ಕ್ರಮಬದ್ಧ ಖಾತಾ ಇಲ್ಲ. ಅದಿಲ್ಲದೆ ನಕ್ಷೆ ಮಂಜೂರಾಗದು. ನಕ್ಷೆ ಇಲ್ಲದಿದ್ದರೆ ಓಸಿ ಇಲ್ಲ, ಮೀಟರ್ ಇಲ್ಲ, ಬ್ಯಾಂಕ್ ಸಾಲವೂ ಕಷ್ಟ. ಮೊದಲು ಈ ಕೊಂಡಿಗಳು ಸಡಿಲ ಇದ್ದವು, ಹೇಗೋ ನಡೆಯುತ್ತಿತ್ತು. ಈಗ ಒಂದು ಕೊಂಡಿ ಕಳಚಿದರೆ ಕೊನೆಯಲ್ಲಿ ಮನೆ ಕತ್ತಲಲ್ಲಿ ಉಳಿಯುತ್ತದೆ. ಕಾಗದ ಸರಿ ಇರುವ ಜಾಗಕ್ಕೂ ಸರಿ ಇಲ್ಲದ ಜಾಗಕ್ಕೂ ಬೆಲೆಯಲ್ಲಿ ಅಂತರ ಹೆಚ್ಚುತ್ತದೆ. ಕಡಿಮೆಗೆ ಸಿಗುತ್ತಿದೆ ಅನ್ನುವ ಸೈಟಿನ ಆ ಕಡಿಮೆ ಬೆಲೆಗೆ ಕಾರಣ ಇದೇ ಆಗಿರಬಹುದು.

ತೊಂದರೆ ಅನುಭವಿಸುವವರಲ್ಲಿ ಸ್ಥಳೀಯರೂ ಇದ್ದಾರೆ. ತೋಟದ ಮಾಲೀಕರು ಕೊಟ್ಟ ಲೈನ್ ಮನೆ ಬಿಟ್ಟು ಎರಡು ಸೆಂಟ್ ಜಾಗದಲ್ಲಿ ಸ್ವಂತ ಮನೆ ಕಟ್ಟಿಕೊಂಡ ಕಾರ್ಮಿಕ ಕುಟುಂಬಕ್ಕೂ, ರಜೆಗೆ ಬರಲು ಎರಡನೇ ಮನೆ ಕಟ್ಟಿದವರಿಗೂ ಒಂದೇ ನಿಯಮ ಒಂದೇ ತೂಕದಲ್ಲಿ ಬಿದ್ದರೆ ಅದು ಸರಿಯಲ್ಲ. ವಿನಾಯಿತಿ ಕೊಡುವುದಾದರೆ ಮೊದಲು ಅವರಿಗೆ ಸಿಗಬೇಕು. ಜಾಗ ಇಳಿಜಾರಿನದ್ದಾದರೆ, ವಿನಾಯಿತಿಯ ಜೊತೆಗೆ ಬರೆ ಪರೀಕ್ಷೆಯೂ ಸರ್ಕಾರದ ಖರ್ಚಿನಲ್ಲೇ ಆಗಬೇಕು.

ಜಾಗ ನೋಡಲು ಡಿಸೆಂಬರ್‌ನ ಬಿಸಿಲಲ್ಲಿ ಎಲ್ಲರೂ ಬರುತ್ತಾರೆ. ನೀವು ಜುಲೈಯಲ್ಲಿ ಬನ್ನಿ. ಕೊಲ್ಲಿ ಎಲ್ಲಿ ಹರಿಯುತ್ತದೆ, ಬರೆಯಿಂದ ನೀರು ಎಲ್ಲಿ ಜಿನುಗುತ್ತದೆ, ರಸ್ತೆ ಎಲ್ಲಿ ಬಾಯಿ ಬಿಟ್ಟಿದೆ ಅಂತ ಆಗ ಕಾಣುತ್ತದೆ. ಪಹಣಿ, ಋಣಭಾರ ಪತ್ರ, ಪರಿವರ್ತನೆ ಆದೇಶ ಕೈಯಲ್ಲಿ ಹಿಡಿದು ಪಂಚಾಯ್ತಿ ಪಿಡಿಒ ಹತ್ತಿರವೋ ಪುರಸಭೆಗೋ ಹೋಗಿ. ವಾಪಸ್ ಬರುವಾಗ ಪಕ್ಕದ ಮನೆಯ ಹಿರಿಯರನ್ನು ಮಾತಾಡಿಸಿ, 2018ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಕೇಳಿ. ಅವರು ಕೈ ಎತ್ತಿ ಗೋಡೆಯ ಮೇಲೆ ತೋರಿಸುತ್ತಾರೆ.